ಉಪಮಂತ್ರಿಯ ಬರಿಯ ಮಣಿಕಟ್ಟು

"ಅಲ್ಲಪ್ಪಾ, ಕಿಮ್ಚಿ ಗಡಿಗೆ ಒಳಗೆ ಯಾರಾದ್ರೂ ಗಡಿಯಾರ ಇಡ್ತಾರಾ?"

ಸಿಮ್ ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ನಾನು ಮೊಣಕೈವರೆಗೆ ಅವರ ಎಲೆಕೋಸಿನ ಉಪ್ಪಿನಕಾಯಿಯಲ್ಲಿ ಮುಳುಗಿದ್ದೆ. ಮೆಣಸಿನ ಖಾರ ಉಗುರುಗಳ ಸಂದಿಗೆ ಇಳಿದು, ಬೆರಳುಗಳು ಒಂದೊಂದೂ ಬೇರೆ ಬೇರೆ ರಾಗದಲ್ಲಿ ಅಳುತ್ತಿದ್ದವು.

"ಕಳ್ಳ ಬುದ್ಧಿವಂತನಾದ್ರೆ ಇಡ್ತಾನೆ ಅತ್ತಿಗೆ."

"ಈ ಕಳ್ಳ ಬುದ್ಧಿವಂತ ಅಂತ ಯಾರು ಹೇಳಿದ್ರು ನಿಂಗೆ?"

"ನನ್ನನ್ನ ಕರೆಸಿದ್ದೀರಲ್ಲ. ದಡ್ಡ ಕಳ್ಳನ್ನ ಹಿಡಿಯೋಕೆ ಪ್ಯೊನ್ ಗಿಹ್ವಾನ್ ಯಾಕೆ ಬೇಕು?"

ತೆದೋಂಗ್ ನದಿಯ ಆಚೆ ದಡದಿಂದ ಈಚೆ ದಡದವರೆಗೆ ಪ್ಯೊಂಗ್ಯಾಂಗಿನಲ್ಲಿ ನನ್ನಂಥ ತನಿಖಾಧಿಕಾರಿ ಇನ್ನೊಬ್ಬನಿಲ್ಲ. ಒಬ್ಬ ರಾಯಭಾರಿಯ ಕೆಮ್ಮು ಕೇಳಿಯೇ ಅವನು ಯಾವ ದೇಶದ ಸಿಗರೇಟನ್ನು ಕದ್ದು ತಂದಿದ್ದಾನೆಂದು ಹೇಳಿದವನು ನಾನು. ವಿದೇಶಾಂಗ ಇಲಾಖೆಯ ಮೊಗಸಾಲೆಯಲ್ಲಿ ನನ್ನ ಬೂಟಿನ ಸದ್ದಾದರೆ ಟೈಪ್‌ರೈಟರುಗಳು ತಾವಾಗಿಯೇ ತಪ್ಪು ತಿದ್ದಿಕೊಳ್ಳುತ್ತವೆ.

ಕಳೆದ ವಾರ ಓದಿದವರಿಗೆ ಗೊತ್ತೇ ಇದೆ: ಉಪಮಂತ್ರಿ ಓಕ್ ತೆರಿಮ್ ಅವರ ಕೈಗಡಿಯಾರ ಮಂಗಳವಾರ ಕಾಣೆಯಾಗಿತ್ತು, ಅದನ್ನು ಗುಟ್ಟಾಗಿ ಹುಡುಕಿಕೊಡಲು ಅವರು ನನ್ನನ್ನು ಕರೆಸಿದ್ದರು, ಇವತ್ತು ಶುಕ್ರವಾರ.

ಅಂಗಡಿಯಲ್ಲಿ ಕೊಂಡ ಗಡಿಯಾರ ಕಳೆದರೆ ಮನುಷ್ಯ ಇನ್ನೊಂದು ಕೊಳ್ಳುತ್ತಾನೆ. ಇದು ನಾಯಕರು ತಮ್ಮ ಕೈಯಾರೆ ಕೊಟ್ಟದ್ದು. ಮುಖದ ಮೇಲೆ ನಾಯಕರ ಹೆಸರು ಕೆಂಪು ಅಕ್ಷರದಲ್ಲಿದೆ, ಬೆನ್ನ ಮೇಲೆ ಪಡೆದವನ ಹೆಸರು ಕೆತ್ತಿದೆ. ಇಂಥದ್ದು ಕಳೆದರೆ ಅದರ ಜೊತೆ ಮನೆಯೂ ಕಳೆಯುತ್ತದೆ: ಓಕ್, ಅವರ ಹೆಂಡತಿ ಸಿಮ್ ಅತ್ತಿಗೆ, ಸಂಗೀತ ವಿದ್ಯಾಲಯದಲ್ಲಿ ಓದುವ ಮಗಳು ಉನ್‌ಬ್ಯೊಲ್, ಮೂವರೂ ಒಂದೇ ಲಾರಿಯಲ್ಲಿ ಉತ್ತರದ ಬೆಟ್ಟಗಳಿಗೆ ಗಡಿಪಾರು. ನಾಳೆ ಬೆಳಿಗ್ಗೆ ದೊಡ್ಡ ಸಭಾಂಗಣದಲ್ಲಿ ಓಕ್ ಅವರನ್ನು ಮಂತ್ರಿಯೆಂದು ಘೋಷಿಸುವವರಿದ್ದರು. ಆ ಸಭೆಗೆ ಉಡುಗೊರೆಯ ಗಡಿಯಾರ ಕಟ್ಟಿಕೊಂಡೇ ಹೋಗಬೇಕು.

ಓಕ್ ಪಕ್ಕದ ಕೋಣೆಯಲ್ಲಿ ಸಿಗರೇಟು ಸೇದುತ್ತ ಕೂತಿದ್ದರು. ನನಗಿಂತ ನಿಶ್ಚಿಂತರಾಗಿ.

ಅವರ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಈ ಕೇಸಿನ ತೂಕ ನಿಮಗೆ ಸಿಗುವುದಿಲ್ಲ. ದುಭಾಷಿಯಾಗಿ ಶುರುವಾದವರು. ಆಫ್ರಿಕದ ಒಂದು ರಾಜಧಾನಿಯಲ್ಲಿ, ಊರಿನಿಂದ ಸಂಬಳ ಬಾರದೆ ರಾಯಭಾರ ಕಚೇರಿಯೇ ಉಪವಾಸ ಬಿದ್ದಾಗ, ಅಂಗಳದಲ್ಲಿ ಮೂಲಂಗಿ ಬೆಳೆದು, ಅದನ್ನೇ 'ನಮ್ಮ ನಾಡಿನ ಅಪೂರ್ವ ಔಷಧಿ' ಎಂದು ಅಲ್ಲಿನ ಅಧ್ಯಕ್ಷನಿಗೆ ಉಡುಗೊರೆ ಕೊಟ್ಟು, ಬದಲಿಗೆ ಒಂದು ಹಡಗು ಗೋಧಿ ತಂದರು. ಯೂರೋಪಿನಲ್ಲಿ ನಡೆದ ಮಾತುಕತೆಯೊಂದರಲ್ಲಿ ಊಟಕ್ಕೂ ಏಳದೆ, 'ಇಲ್ಲ' ಎಂಬ ಒಂದೇ ಮಾತನ್ನು ಏಳು ಭಾಷೆಗಳಲ್ಲಿ ಹೇಳುತ್ತ ಎದುರು ಪಕ್ಷದ ಇಬ್ಬರನ್ನು ಆಸ್ಪತ್ರೆಗೆ ಸೇರಿಸಿದರು. ಹೆಚ್ಚು ಮಾಡಿ ಹೇಳುತ್ತಿದ್ದೇನೆ ಎನ್ನುವಿರಾ? ಕಡಿಮೆ ಮಾಡಿದ್ದೇನೆ. ಮೂವರು ಸೇರಿದ್ದರು.

ಆದರೆ ಅವರ ದೊಡ್ಡ ವಿದ್ಯೆ ಬೇರೆಯೇ. ಐವರು ಮಂತ್ರಿಗಳು ಅವರ ಮೇಲಧಿಕಾರಿಗಳಾಗಿ ಬಂದು ಹೋದರು. ಹೋದರು ಎಂದರೆ ಪೂರ್ತಿ ಹೋದರು. ಹಳೆಯ ಗುಂಪು ಫೋಟೋಗಳಲ್ಲಿ ಆ ಐವರೂ ನಿಂತ ಜಾಗದಲ್ಲಿ ಈಗ ಹೂಕುಂಡಗಳಿವೆ. ಓಕ್ ಮಾತ್ರ ಪ್ರತಿ ಹೂಕುಂಡದ ಪಕ್ಕದಲ್ಲೂ ಕೂದಲು ಕೊಂಕದೆ ನಿಂತಿದ್ದಾರೆ.

ಗಡಿಗೆಯಲ್ಲಿ ಏನೂ ಸಿಗಲಿಲ್ಲ. ಆದರೆ ನನ್ನ ಮಿದುಳು ಎಲೆಕೋಸಿನಲ್ಲಿದ್ದಾಗಲೂ ಸುಮ್ಮನಿರುವ ಮಿದುಳಲ್ಲ. ಅದು ಹೋದ ಶನಿವಾರಕ್ಕೆ ಹೋಗಿ ನಿಂತಿತು.

ಪ್ರತಿ ಶನಿವಾರ ಇಲಾಖೆಯಲ್ಲಿ ಆತ್ಮವಿಮರ್ಶೆಯ ಸಭೆ. ಪ್ರತಿಯೊಬ್ಬನೂ ಎದ್ದು ನಿಂತು ಆ ವಾರದ ತನ್ನ ತಪ್ಪು ಹೇಳಿಕೊಳ್ಳಬೇಕು, ಆಮೇಲೆ ಇನ್ನೊಬ್ಬನ ತಪ್ಪು ಎತ್ತಿ ಆಡಬೇಕು. ಬಾಯಿಗೆ ಬಂದದ್ದು ಆಡಿದರೆ ವರ್ಷ ಮುಗಿಯುವುದರೊಳಗೆ ಇಲಾಖೆ ಖಾಲಿಯಾಗುತ್ತದೆ. ಅದಕ್ಕೇ ಎಲ್ಲರೂ ಮೊದಲೇ ಜೋಡಿ ಮಾಡಿಕೊಂಡಿರುತ್ತಾರೆ. 'ಈ ವಾರ ನೀನು ನನ್ನ ನಿದ್ದೆಯನ್ನ ಬೈ, ಮುಂದಿನ ವಾರ ನಾನು ನಿನ್ನ ಹಲ್ಲುಜ್ಜದ ಬಾಯನ್ನ ಬೈತೀನಿ.' ಸಭೆ ನಡೆಸುವವರಿಗೂ ಗೊತ್ತು. ಅವರಿಗೂ ಒಬ್ಬ ಜೋಡಿ ಇರುತ್ತಾನೆ.

ಓಕ್ ಅವರ ಜೋಡಿ ನಾಮ್‌ಗುಂಗ್ ಚುನ್. ಯೂರೋಪ್ ವಿಭಾಗದ ನಿರ್ದೇಶಕ, ಓಕ್ ಕೈಹಿಡಿದು ಬೆಳೆಸಿದ ಶಿಷ್ಯ. ಅವನು ಓಕ್ ಸಿಗರೇಟನ್ನು ಬೈಯುತ್ತಾನೆ, ಓಕ್ ಅವನ ಕ್ರಾಪನ್ನು ಬೈಯುತ್ತಾರೆ. ವರ್ಷಗಟ್ಟಲೆ ಹೀಗೇ ನಡೆದಿದೆ. ಹೋದ ಶನಿವಾರ ಸಿಗರೇಟಿನ ಸರದಿ. ನಾಮ್‌ಗುಂಗ್ ಎದ್ದು ನಿಂತ. ನಾನು ಹಿಂದಿನ ಸಾಲಿನಲ್ಲಿ ಆಗಲೇ ಅರ್ಧ ಕಣ್ಣು ಮುಚ್ಚಿದ್ದೆ.

'ಉಪಮಂತ್ರಿ ಕಾಮ್ರೇಡ್ ಓಕ್ ಅವರು ದಯಪಾಲಿಸಲ್ಪಟ್ಟ ಗೌರವದ ವಸ್ತುಗಳ ಬಗ್ಗೆ ಅಸಡ್ಡೆ ತೋರುತ್ತಿದ್ದಾರೆ' ಎಂದ ಅವನು.

ಹಿಂದಿನ ಸಾಲು ಪೂರ್ತಿ ಎಚ್ಚರವಾಯಿತು. ಗೋಡೆಯ ಮೇಲಿನ ನೊಣ ಕೂಡ ಎದ್ದು ನೆಟ್ಟಗೆ ನಿಂತಿತು.

ಶನಿವಾರ ಬೈಗುಳ, ಮಂಗಳವಾರ ಗಡಿಯಾರ ಮಾಯ. ಆಗಲಿರುವುದು ಅವನಿಗೆ ಮೊದಲೇ ಗೊತ್ತಿತ್ತು! ಮೇಷ್ಟರು ಬಿದ್ದಾಗ 'ಇಷ್ಟು ವರ್ಷ ಪಕ್ಕದಲ್ಲಿದ್ದು ಬರೀ ಸಿಗರೇಟು ಕಂಡೆಯಾ?' ಎಂದು ಯಾರೂ ಕೇಳಬಾರದಲ್ಲ, ಅದಕ್ಕೇ ಬೈದು ಬಚಾವಾಗಿದ್ದಾನೆ.

"ಅತ್ತಿಗೆ, ಕೈಗೆ ನೀರು."

"ನೀರು ಸಂಜೆಗೆ ಬರೋದು."

ಮೂಲೆಯಲ್ಲಿದ್ದ ಪತ್ರಿಕೆಗೆ ಒರೆಸಿಕೊಳ್ಳಲು ಹೋದವನು ಮೊದಲ ಪುಟದಲ್ಲಿ ನಾಯಕರ ಚಿತ್ರ ಕಂಡು ಸರಕ್ಕನೆ ಕೈ ಹಿಂದೆಳೆದುಕೊಂಡೆ. ಪ್ಯಾಂಟಿಗೇ ಒರೆಸಿಕೊಂಡು ಹೊರಟೆ.

ನಾಮ್‌ಗುಂಗ್ ಮಧ್ಯಾಹ್ನ ಎಲ್ಲಿ ಸಿಗುತ್ತಾನೆಂದು ಗೊತ್ತಿತ್ತು. ನದಿ ಪಕ್ಕದ ತಣ್ಣನೆ ಶ್ಯಾವಿಗೆಯ ಹೋಟೆಲು. ಹೊರಗೆ ಸಾಲು ಬೆಳೆದು ಸೇತುವೆ ಮುಟ್ಟಿತ್ತು. ನನ್ನ ಮುಖ ಕಂಡು ಸಾಲು ತಾನಾಗಿಯೇ ಎರಡಾಯಿತು. ಖಾರದ ವಾಸನೆಗೂ ಇರಬಹುದು.

"ಬಾ ಪ್ಯೊನ್ ಅಣ್ಣ, ಕೂತ್ಕೋ. ಏನಿದು ಬೆಳ್ಳುಳ್ಳಿ ವಾಸನೆ? ಕೆಲಸ ಬಿಟ್ಟು ಅಡಿಗೆಗೆ ಸೇರಿದ್ಯಾ?"

"ಸೇರಿದೆ. ಮೊದಲು ನಿನ್ನನ್ನೇ ಹೆಚ್ಚೋಣ ಅಂತ ಬಂದೆ."

ನಾಮ್‌ಗುಂಗ್ ನಕ್ಕ. ಹಲ್ಲುಗಳು ಹೊರದೇಶದಲ್ಲಿ ಕಟ್ಟಿಸಿದ್ದು. ನಕ್ಕರೆ ಕೋಣೆಗೆ ಇನ್ನೊಂದು ದೀಪ ಹಚ್ಚಿದಂತೆ. ಅವನು ಬಟ್ಟಲಿನಿಂದ ಶ್ಯಾವಿಗೆಯ ಎಳೆ ಮೇಲೆತ್ತಿ, ಅದರ ಮೇಲೆ ವಿನೆಗರ್ ಹನಿಸತೊಡಗಿದ.

"ಶನಿವಾರ ಸಿಗರೇಟನ್ನ ಬೈಬೇಕಿತ್ತಲ್ಲ, ಯಾಕೆ ಬೈಲಿಲ್ಲ?"

"ಎಷ್ಟು ವರ್ಷ ಅಂತ ಸಿಗರೇಟನ್ನೇ ಬೈಯೋದು? ಬೇಜಾರಾಯ್ತು."

"ಬೇಜಾರಾಯ್ತು ಅಂತ ಮೇಷ್ಟ್ರ ಕತ್ತು ಕೊಯ್ಯೋದಾ?"

"ಮೆಲ್ಲಗೆ ಮಾತಾಡು ಮಾರಾಯ."

"ನನ್ನ ಗಂಟಲೇ ಹಿಂಗೆ. ಹುಟ್ಟಿದಾಗ ನಾನು ಅತ್ತದ್ದಕ್ಕೆ ಪಕ್ಕದ ಜಿಲ್ಲೇಲಿ ಸೈರನ್ ಅಂತ ಜನ ಸುರಂಗಕ್ಕೆ ಓಡಿದ್ರಂತೆ. ಗಡಿಯಾರ ಹೋಗಿದ್ದು ಮಂಗಳವಾರ, ನೀನು ಬೈದಿದ್ದು ಶನಿವಾರ. ಆಗೋಕ್ಕಿಂತ ಮುಂಚೇನೇ ಗೊತ್ತಾಗೋಕೆ ನೀನೇನು ಹವಾಮಾನ ಹೇಳೋನಾ?"

ವಿನೆಗರ್ ಹನಿಯುವುದು ನಿಂತಿತು. ಎತ್ತಿದ ಶ್ಯಾವಿಗೆ ಗಾಳಿಯಲ್ಲೇ ಉಳಿಯಿತು.

"ಗಡಿಯಾರ ಹೋಗಿದ್ಯಾ?"

"ನಾಟಕ ಬೇಡ."

"ಅಯ್ಯೋ, ಮೇಷ್ಟ್ರೇ..." ಎಂದು ಅವನು ತನ್ನಷ್ಟಕ್ಕೆ ಗೊಣಗಿ ಊಟದ ಕಡ್ಡಿಗಳನ್ನು ಕೆಳಗಿಟ್ಟ. "ಅಣ್ಣ, ಅದು ನನ್ನ ಮಾತೇ ಅಲ್ಲ. ಅವರೇ ಹೇಳಿಕೊಟ್ಟಿದ್ದು."

"ಯಾರು?"

"ಉಪಮಂತ್ರಿಗಳು! ಹಿಂದಿನ ದಿನ ನದಿ ದಂಡೆ ಮೇಲೆ ಅಡ್ಡಾಡೋಕೆ ಕರ್ಕೊಂಡು ಹೋದ್ರು. 'ನಾಳೆ ಸಿಗರೇಟು ಬೇಡ, ಗಟ್ಟಿಯಾಗಿ ಬೈ, ಈ ಮಾತಲ್ಲೇ ಬೈ' ಅಂತ ಬಾಯಿಪಾಠ ಮಾಡಿಸಿದ್ರು. ಯಾಕೆ ಅಂದೆ. 'ಫ್ರೆಂಚ್ ಕಲಿಸಿದಾಗ ಯಾಕೆ ಅಂತ ಕೇಳಿದ್ಯಾ?' ಅಂದ್ರು. ಬಾಯಿ ಮುಚ್ಕೊಂಡು ಹೇಳಿದ್ದು ಒಪ್ಪಿಸಿದೆ."

ನಾನು ಅವನ ಕಿವಿ ನೋಡಿದೆ. ಸುಳ್ಳು ಹೇಳುವವರ ಕಿವಿಯ ತುದಿ ಕೆಂಪಾಗುವುದನ್ನು ನಾನು ಬೀದಿಯ ಆಚೆಯಿಂದ, ಮಂಜಿನಲ್ಲೂ ಕಂಡುಹಿಡಿಯಬಲ್ಲೆ. ಅವನ ಕಿವಿಗಳು ಅಕ್ಕಿಯ ಹಾಗೆ ಬೆಳ್ಳಗಿದ್ದವು.

"ಹೆಂಗಾದ್ರೂ ಅವರನ್ನ ಉಳಿಸು ಅಣ್ಣ," ಎಂದ ನಾಮ್‌ಗುಂಗ್, ನನ್ನ ಕೈ ಹಿಡಿದು. "ಮನೇಲೇ ಎಲ್ಲೋ ಇಟ್ಟಿರ್ತಾರೆ. ನಿನ್ನ ಕಣ್ಣು ತಪ್ಪಿಸೋ ಜಾಗ ಈ ಊರಲ್ಲಿ ಎಲ್ಲಿದೆ? ಇವತ್ತೇ ಹುಡುಕಿಬಿಡು."

ಹೊಗಳಿಕೆ ನಿಜವಾಗಿದ್ದಾಗ ಕೇಳಿಸಿಕೊಳ್ಳುವುದರಲ್ಲಿ ತಪ್ಪೇನಿದೆ? ನಾನು ಕೇಳಿಸಿಕೊಂಡೆ. ಅವನ ಬಟ್ಟಲಿನ ಮಾಂಸದ ತುಂಡನ್ನೂ ತಿಂದು ಎದ್ದೆ.

ಓಕ್ ಅವರ ಮನೆಯಿರುವುದು ಹದಿನಾರನೆಯ ಮಹಡಿಯಲ್ಲಿ. ಲಿಫ್ಟಿದೆ, ಅದಕ್ಕೆ ಕರೆಂಟಿಲ್ಲ. ಒಂದೇ ಉಸಿರಿನಲ್ಲಿ ಹತ್ತಿದೆ. ಆ ಉಸಿರು ಬಾಗಿಲ ಹತ್ತಿರ ಮುಗಿದದ್ದರಿಂದ ಸ್ವಲ್ಪ ಹೊತ್ತು ಗೋಡೆಗೆ ಒರಗಿ ನಿಲ್ಲಬೇಕಾಯಿತು, ಅಷ್ಟೇ.

"ಉಪಮಂತ್ರಿಗಳೇ, ಕಳ್ಳ ಸಿಕ್ಕಿದ."

"ಯಾರು?"

"ನೀವೇ."

ಓಕ್ ಎದ್ದು ಹೋಗಿ ಗೋಡೆಯ ರೇಡಿಯೋ ಪೆಟ್ಟಿಗೆಯ ದನಿ ಹೆಚ್ಚಿಸಿದರು. ಮೆರವಣಿಗೆಯ ಹಾಡು ಕೋಣೆ ತುಂಬಿತು. ಬಂದು ನನ್ನ ಮೊಣಕಾಲಿಗೆ ಮೊಣಕಾಲು ತಾಗುವಂತೆ, ಅಡಿಯಿಂದ ಕಾಯಿಸಿದ ಬೆಚ್ಚನೆಯ ನೆಲದ ಮೇಲೆ ಕೂತರು.

"ನಿನ್ನನ್ನೇ ಯಾಕೆ ಕರೆಸಿದೆ ಗೊತ್ತೇನಯ್ಯಾ?"

"ನನಗಿಂತ ಜಾಣ ಇಲ್ಲ ಅಂತ."

"ನಿನಗಿಂತ ನಿಧಾನ ಇಲ್ಲ ಅಂತ. ಗಡಿಗೆ, ಹಾಸಿಗೆ, ಒಲೆ ಎಲ್ಲಾ ಕೆದಕೋ ಹೊತ್ತಿಗೆ ನಾಳೆ ಕಳೆದುಹೋಗುತ್ತೆ, ನಾಡಿದ್ದು ನಿನ್ನ ಕೈಗೆ ಸಿಗುತ್ತೆ ಅನ್ಕೊಂಡಿದ್ದೆ. ಇವತ್ತೇ ಬಂದುಬಿಟ್ಯಲ್ಲೋ ಮಹಾನುಭಾವ!"

ಈ ಮಾತನ್ನು ನಾನು ಹೊಗಳಿಕೆಯಾಗಿಯೇ ತೆಗೆದುಕೊಂಡೆ. ಕೊನೆಯ ಭಾಗವನ್ನಾದರೂ.

"ನಾಳೆ ಬರಿಗೈಲಿ ಹೋದ್ರೆ ಬಾಗಿಲಲ್ಲೇ ತಡೀತಾರೆ," ಎಂದರು ಓಕ್. "ಮಂತ್ರಿಗಿರಿ ತಪ್ಪುತ್ತೆ. ಆಮೇಲೆ ಗಡಿಯಾರ ನನ್ನ ಮನೇಲೇ ಸಿಕ್ಕಿತು ಅಂತ ನೀನು ವರದಿ ಕೊಡ್ತೀಯ. ಕಳೆದುಹೋದ ಗಡಿಯಾರಕ್ಕೆ ಬೆಟ್ಟ. ಎಲ್ಲೋ ಇಟ್ಟು ಮರೆತ ಗಡಿಯಾರಕ್ಕೆ ಒಂದು ವರ್ಷ ಹಂದಿ ಸಾಕೋ ಕೆಲಸ. ಅಸಡ್ಡೆ ಅಂತ ಶನಿವಾರಾನೇ ಸಭೇಲಿ ಹೇಳಿಸಿದ್ದೀನಿ. ಹೊಸ ತಪ್ಪು ಹುಡುಕೋ ಶ್ರಮ ಕೂಡ ಯಾರಿಗೂ ಇಲ್ಲ."

"ಮಂತ್ರಿ ಆಗೋದು ಬಿಟ್ಟು ಹಂದಿ ತೊಳೀತೀರಾ?"

"ಹಂದಿ ತೊಳೆದೋರು ವಾಪಸ್ ಬರ್ತಾರೆ ಪ್ಯೊನ್. ಆ ಕುರ್ಚಿಯಿಂದ ಯಾರು ವಾಪಸ್ ಬಂದಿದ್ದಾರೆ, ಒಬ್ಬನ ಹೆಸರು ಹೇಳು." ಅವರು ಬೂದಿ ಕೊಡವಿದರು. "ಜೀವನವಿಡೀ ಬೇರೆ ದೇಶದೋರ ಮುಂದೆ ಈ ಊರಿನ ಪರವಾಗಿ ಚೌಕಾಸಿ ಮಾಡಿದೆ. ಇದೊಂದು ಸಲ ಈ ಊರಿನ ಜೊತೆ ನನ್ನ ಪರವಾಗಿ ಮಾಡ್ತಿದ್ದೀನಿ. ಉನ್‌ಬ್ಯೊಲ್‌ಗೆ ಒಂದು ವರ್ಷ ಅಪ್ಪ ಇರಲ್ಲ. ಆಮೇಲೆ ಇರ್ತಾನೆ. ಒಳ್ಳೇ ವ್ಯಾಪಾರ ಅಲ್ವಾ?"

ನಿಜ ಹೇಳುತ್ತೇನೆ, ಇಷ್ಟು ಚೆಂದದ ಅಪರಾಧವನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಒಂದು ಗಳಿಗೆ ನನಗಿಂತ ಬುದ್ಧಿವಂತನೊಬ್ಬ ಈ ಊರಲ್ಲಿದ್ದಾನೆ ಎಂದು ಅನುಮಾನವಾಯಿತು. ಬೇಗ ಹೋಯಿತು.

"ಎಲ್ಲಿಟ್ಟಿದ್ದೀರಿ?"

ಓಕ್ ಗಲ್ಲ ಎತ್ತಿ ಎದುರು ಗೋಡೆ ತೋರಿಸಿದರು.

ಎಲ್ಲರ ಮನೆಯಲ್ಲಿರುವಂತೆ ಆ ಗೋಡೆಯ ಮೇಲೆ ನಾಯಕರ ಚಿತ್ರಪಟಗಳು, ಬೇರೇನೂ ಇಲ್ಲ. ಕೆಳಗಿನ ಚಿಕ್ಕ ಹಲಗೆಯ ಮೇಲೆ ಚಿತ್ರಪಟ ಒರೆಸುವ ಬಿಳಿ ಬಟ್ಟೆಯ ಪೆಟ್ಟಿಗೆ. ನಾನು ಈ ಮನೆಯಲ್ಲಿ ದಿಂಬಿನ ಹತ್ತಿಯನ್ನೂ ಎಣಿಸಿದ್ದೆ. ಆ ಪೆಟ್ಟಿಗೆಯ ಕಡೆಗೆ ಮಾತ್ರ ನನ್ನ ಕೈ ಹೋಗಿರಲಿಲ್ಲ. ಈ ಊರಲ್ಲಿ ಹುಟ್ಟಿದ ಯಾವ ಕೈಯೂ ಹೋಗುವುದಿಲ್ಲ.

ಅತ್ತಿಗೆ ಒಂದು ಬಟ್ಟಲು ಸಾರಾಯಿ ತಂದುಕೊಟ್ಟರು, ಕೈ ತೊಳೆಯಲು. ತೊಳೆದೆ. ಪೆಟ್ಟಿಗೆ ತೆರೆದು ಬಿಳಿ ಬಟ್ಟೆ ಎತ್ತಿದೆ. ಕೆಳಗೆ ಗಡಿಯಾರ. ಕೆಂಪು ಅಕ್ಷರಗಳು ಫಳಫಳ.

"ನೋಡಿ! ಇಡೀ ಊರಲ್ಲಿ ಇನ್ಯಾರು ಹಿಡೀತಿದ್ರು ಇದನ್ನ?" ಎಂದು ಬೆನ್ನು ತಿರುಗಿಸಿ ಹೆಸರು ಓದಿದೆ.

ತಾಕ್ ವೊನ್‌ಹಾ.

ಹೆಬ್ಬೆರಳಿನಿಂದ ಉಜ್ಜಿ ಮತ್ತೊಮ್ಮೆ ಓದಿದೆ; ಅದೇ ಹೆಸರು. ತಾಕ್ ವೊನ್‌ಹಾ ಎಂದರೆ ಐದನೆಯ ಹೂಕುಂಡ. ಓಕ್ ನಾಳೆ ಕೂರಬೇಕಾದ ಕುರ್ಚಿಯ ಹಿಂದಿನ ಮಂತ್ರಿ. ಆ ಹೆಸರನ್ನು ಆಡುವಂತಿಲ್ಲ, ಬರೆಯುವಂತಿಲ್ಲ. ಅವನದೊಂದು ಗುಂಡಿ ಮನೆಯಲ್ಲಿ ಸಿಕ್ಕರೂ ಗೋಣಿಗೆ ಗೋಣಿ ಪ್ರಶ್ನೆಗಳು ಬರುತ್ತವೆ. ಇಲ್ಲಿ ಅವನ ಗಡಿಯಾರವೇ ಇತ್ತು, ಅದೂ ಚಿತ್ರಪಟಗಳ ಕೆಳಗೆ. ಇದಕ್ಕೆ ಹಂದಿಯೂ ಇಲ್ಲ, ಬೆಟ್ಟವೂ ಇಲ್ಲ; ನೇರ ಹೂಕುಂಡವೇ.

ಓಕ್ ನನ್ನ ಕೈಯಿಂದ ಕಸಿದು ನೋಡಿದರು. ಏಳು ಭಾಷೆಗಳಲ್ಲಿ ಇಲ್ಲ ಎಂದವರು ಎಂಟನೆಯ ಸಲ ತಮ್ಮದೇ ಭಾಷೆಯಲ್ಲಿ 'ಇಲ್ಲ' ಎಂದರು.

"ಇದು ನಂದಲ್ಲ." "ಮಂಗಳವಾರ ನಾನಿಟ್ಟಿದ್ದು ನಂದು."

"ಮಂಗಳವಾರದಿಂದ ಈಚೆ ಯಾರು ಬಂದಿದ್ರು? ಬೇಗ ಹೇಳಿ."

"ಬುಧವಾರ ಕಿಮ್ಚಿ ಹಾಕಿದ್ವಿ," ಎಂದರು ಅತ್ತಿಗೆ. "ವಠಾರದ ಹೆಂಗಸರೆಲ್ಲಾ ಅಡಿಗೆ ಮನೇಲೇ ಇದ್ರು. ಈ ಕೋಣೆಗೆ ಯಾರೂ..." ಅವರು ನಿಂತರು. "ನಾಮ್‌ಗುಂಗ್ ಬಂದಿದ್ದ. ಎಲೆಕೋಸು ಹೊತ್ಕೊಂಡು ಬಂದೋನೇ ಅವನು. 'ಚಿತ್ರಪಟದ ಧೂಳು ನಾನು ಒರೆಸ್ತೀನಿ ಅತ್ತಿಗೆ, ನಿಮ್ಮ ಕೈಯೆಲ್ಲಾ ಖಾರ' ಅಂದ. ಎಷ್ಟು ಒಳ್ಳೆ ಹುಡುಗ ಅನ್ಕೊಂಡೆ."

ಮೇಷ್ಟರು ಬಾಯಿಪಾಠ ಮಾಡಿಸಿದ ಮಾತಿನಿಂದಲೇ ಶಿಷ್ಯ ಮೇಷ್ಟರ ಇಡೀ ಲೆಕ್ಕ ಊಹಿಸಿದ್ದ. ಗೌರವದ ವಸ್ತು ಎಂದರೆ ಗಡಿಯಾರ; ಗಡಿಯಾರ ಇಡಬಹುದಾದ ಜಾಗ ಒಂದೇ. ಧೂಳು ಒರೆಸುವ ನೆಪದಲ್ಲಿ ಮೇಷ್ಟರದನ್ನು ತೆಗೆದು, ಹೂಕುಂಡದ ಗಡಿಯಾರ ಇಟ್ಟು ಹೋಗಿದ್ದ. ನಾಮ್‌ಗುಂಗ್ ಕಿವಿ ಕೆಂಪಾಗದಿದ್ದದ್ದು ಸರಿಯೇ. ಅವನು ಹೇಳಿದ್ದೆಲ್ಲ ನಿಜ, ಹೇಳದೆ ಬಿಟ್ಟದ್ದು ಮಾತ್ರ ಬೇರೆ. 'ಇವತ್ತೇ ಹುಡುಕಿಬಿಡು' ಅಂದಿದ್ದನಲ್ಲ, ನಾನು ಮಾಂಸ ತಿನ್ನುತ್ತ ತಲೆಯಾಡಿಸಿದ್ದೆ!

ಬಾಗಿಲು ಬಡಿದ ಸದ್ದಾಯಿತು.

"ಸಿಮ್ ಅಕ್ಕಾ, ಬಾಗಿಲು ತೆಗೀರಿ! ಚಿತ್ರಪಟ ತಪಾಸಣೆ!" ವಠಾರದ ಮುಖ್ಯಸ್ಥೆಯ ದನಿ. ಅದರ ಹಿಂದೆ ಗಂಡಸರ ಬೂಟುಗಳು.

"ಶುಕ್ರವಾರ ಯಾವತ್ತೂ ಬರಲ್ಲ ಇವರು," ಎಂದು ಅತ್ತಿಗೆ ಪಿಸುಗುಟ್ಟಿದರು. ಅವರ ಮುಖ ಮಾಸಿದ ಕಾಗದದಂತಾಗಿತ್ತು. "ಉನ್‌ಬ್ಯೊಲ್ ಇನ್ನೇನು ಪಾಠ ಮುಗಿಸಿ ಬರ್ತಾಳೆ."

ಒಲೆಗೆ ಹಾಕಿದರೆ ಲೋಹ ಸುಡುವುದಿಲ್ಲ. ಕಿಟಕಿಯಿಂದ ಎಸೆದರೆ ಕೆಳಗೆ ಜನ. ಓಕ್ ಗಡಿಯಾರವನ್ನು ಪೆಟ್ಟಿಗೆಗೇ ವಾಪಸ್ ಇಡಹೊರಟರು. ನನ್ನ ಕೈ ಅವರಿಗಿಂತ ಚುರುಕು. ಗಡಿಯಾರ ಕಿತ್ತುಕೊಂಡು, ನನ್ನ ಎಡಗೈಯಲ್ಲಿದ್ದ ನನ್ನದೇ ಗಡಿಯಾರಕ್ಕಿಂತ ಮೇಲೆ ಬಿಗಿದು, ಕೋಟಿನ ತೋಳು ಎಳೆದು ಗುಂಡಿ ಹಾಕಿದೆ.

"ಬಾಗಿಲು ತೆಗೀರಿ ಅತ್ತಿಗೆ," ಎಂದೆ. "ನಗ್ತಾ ತೆಗೀರಿ."

ಮುಖ್ಯಸ್ಥೆ ಬಂದಳು. ಬಿಳಿ ಕೈಗವಸಿನ ಇಬ್ಬರು ಬಂದರು. ಅವರ ಬೆನ್ನಿಗೆ, ಕೈಯಲ್ಲಿ ಸೇಬಿನ ಬುಟ್ಟಿ ಹಿಡಿದು, ಹಲ್ಲು ಬೆಳಗಿಸುತ್ತ ನಾಮ್‌ಗುಂಗ್.

"ಮೇಷ್ಟ್ರಿಗೆ ಶುಭಾಶಯ ಹೇಳೋಣ ಅಂತ ಬಂದೆ. ಮೆಟ್ಟಿಲ ಹತ್ರ ಇವರು ಸಿಕ್ಕಿದ್ರು."

ಒಬ್ಬ ಚೌಕಟ್ಟಿನ ಮೇಲೆ ಬೆರಳಾಡಿಸಿ ಕೈಗವಸು ನೋಡಿಕೊಂಡ. ಧೂಳಿಲ್ಲ. ಇನ್ನೊಬ್ಬ ಹಲಗೆಯ ಮೇಲಿನ ಪೆಟ್ಟಿಗೆ ತೆಗೆದುಕೊಂಡ. ನಾಮ್‌ಗುಂಗ್ ಒಂದು ಹೆಜ್ಜೆ ಮುಂದೆ ಬಂದ. ಮುಚ್ಚಳ ತೆರೆಯಿತು. ಬಿಳಿ ಬಟ್ಟೆ ಹೊರಗೆ ಬಂತು. ಕೈಗವಸಿನವನು ಅದನ್ನು ಬಿಡಿಸಿ, ಕೊಡವಿ, ಪೆಟ್ಟಿಗೆಯ ತಳವನ್ನು ತಟ್ಟಿ ನೋಡಿದ.

"ಸ್ವಚ್ಛವಾಗಿದೆ."

ನಾಮ್‌ಗುಂಗ್ ಹಲ್ಲುಗಳು ಆರಿದವು. ಅವನ ಕಣ್ಣು ಓಕ್ ಅವರ ಬರಿಯ ಮಣಿಕಟ್ಟಿಗೆ ಹೋಯಿತು, ಅತ್ತಿಗೆಯ ಏಪ್ರನ್ನಿಗೆ ಹೋಯಿತು, ನೆಲದ ಮೇಲಿದ್ದ ಸಾರಾಯಿ ಬಟ್ಟಲಿಗೆ ಹೋಯಿತು. ಆಮೇಲೆ ನಿಧಾನವಾಗಿ ನನ್ನ ಕಡೆಗೆ ಬಂದು, ಈ ಬೆಚ್ಚನೆಯ ಕೋಣೆಯಲ್ಲೂ ಗುಂಡಿ ಹಾಕಿದ್ದ ನನ್ನ ಎಡ ತೋಳಿನ ಮೇಲೆ ಕೂತಿತು.

ಹಲ್ಲುಗಳು ಮತ್ತೆ ಹೊತ್ತಿಕೊಂಡವು.

"ಪ್ಯೊನ್ ಅಣ್ಣ," ಎಂದ ಅವನು, ಎಲ್ಲರಿಗೂ ಕೇಳುವಂತೆ, ಸಕ್ಕರೆಯಂಥ ದನಿಯಲ್ಲಿ, "ಟೈಮೆಷ್ಟಾಯ್ತು, ಸ್ವಲ್ಪ ನೋಡಿ ಹೇಳ್ತೀಯಾ?"

ಬಿಳಿ ಕೈಗವಸಿನ ಇಬ್ಬರೂ ನನ್ನ ಕಡೆ ತಿರುಗಿದರು.

ನಾನು ಅವನಿಗಿಂತ ಅಗಲವಾಗಿ ನಕ್ಕೆ. ನಗುತ್ತಲೇ ತೋಳಿನ ಗುಂಡಿಗೆ ಕೈ ಹಾಕಿದೆ.